ಪಿನ್ ಕೂತಿತು ಅಂತ ಅಡಾಪ್ಟರ್ ಚುಚ್ಚಬೇಡಿ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್, ಪೆಡಲ್ (ಗಿಟಾರ್ ಸೌಂಡ್ ಬದಲಿಸೋಕೆ ಕಾಲಲ್ಲಿ ಒತ್ತೋ ಸಣ್ಣ ಡಬ್ಬಿ) ತಗೊಳ್ಳೋ ಯೋಚನೆಯಲ್ಲಿರೋರು ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ. ನಾನು 14,000 ರೂಪಾಯಿ ಕೊಟ್ಟು ತಂದ ಸಾಮಾನಿನಲ್ಲಿ ಅರ್ಧ, ಮನೆಗೆ ಬಂದ ಹತ್ತು ನಿಮಿಷದಲ್ಲಿ ಹೋಯಿತು. ಸುಟ್ಟಿದ್ದು ನನ್ನ ಕೈಯಿಂದಲೇ.

ಏಪ್ರಿಲ್ ತಿಂಗಳು. ಬಳ್ಳಾರಿ ಬಿಸಿಲು ಗೊತ್ತಲ್ಲ, ಹನ್ನೊಂದು ಗಂಟೆಗೇ ರೋಡಿಗಿಳಿಯೋಕೆ ಆಗಲ್ಲ. ಆರ್ಕೆಸ್ಟ್ರಾದಲ್ಲಿ ಬಾರಿಸ್ತಿದ್ದ ಹುಡುಗನೊಬ್ಬ ಗಿಟಾರ್, ಸೌಂಡನ್ನ ಗರಗರ ಮಾಡೋ ಒಂದು ಡಿಸ್ಟಾರ್ಶನ್ ಪೆಡಲ್, ಸೌಂಡನ್ನ ಪ್ರತಿಧ್ವನಿ ತರ ಮತ್ತೆ ಕೇಳಿಸೋ ಒಂದು ಡಿಜಿಟಲ್ ಡಿಲೇ ಪೆಡಲ್ ಮಾರ್ತಾನೆ ಅಂತ ಗೊತ್ತಾಗಿ ಸುಧಾ ಕ್ರಾಸ್ ಹತ್ತಿರ ಅವನ ಮನೆಗೆ ಹೋದೆ. ಎರಡೂ ಪೆಡಲ್ಲಿಗೆ 9 ವೋಲ್ಟ್ ಬ್ಯಾಟರಿ ಹಾಕಿ ತೋರಿಸಿದ. ಸೌಂಡ್ ಚೆನ್ನಾಗಿತ್ತು. ದುಡ್ಡು ಎಣಿಸಿ ಕೊಟ್ಟ ಮೇಲೆ, ಟಿವಿ ಸ್ಟ್ಯಾಂಡ್ ಕೆಳಗಿಂದ ಕರೀ ಅಡಾಪ್ಟರ್ ಒಂದನ್ನ ತೆಗೆದು ಬ್ಯಾಗಿಗೆ ಹಾಕಿದ. "ಇದೂ ಇಟ್ಕೋ ಅಣ್ಣ, ಬ್ಯಾಟರಿ ಖರ್ಚು ಉಳೀತದ. ಪಿನ್ ಸೇಮ್ ಐತಿ, ಕರೆಕ್ಟಾಗಿ ಕೂಡ್ತದ."

ಪುಕ್ಕಟೆ ಸಿಕ್ಕಿದ್ದಕ್ಕೆ ನಾನೂ ಖುಷಿಪಟ್ಟೆ. ಅದು ಸಿಸಿಟಿವಿ ಕ್ಯಾಮೆರಾದ್ದು, 12 ವೋಲ್ಟ್, 2 ಆಂಪಿಯರ್ ಅಂತ ಮೇಲೇ ಬರೆದಿತ್ತು. ಓದಲಿಲ್ಲ.

ಮನೆಗೆ ಬಂದು ಡಿಲೇ ಪೆಡಲ್ಲಿಗೆ ಚುಚ್ಚಿದೆ. ಲೈಟ್ ಬರಲಿಲ್ಲ. ಎರಡು ಮೂರು ಸಲ ಕಾಲಲ್ಲಿ ಒತ್ತಿದೆ. ಒಳಗೆ ಪಟ್ ಅಂತ ಸಣ್ಣ ಶಬ್ದ ಆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಒಂದೇ ಹೋಗ್ತಿತ್ತು. ನಾನು ಪೆಡಲ್ಲೇ ಕೆಟ್ಟಿದೆ ಅಂದ್ಕೊಂಡು, ಅಡಾಪ್ಟರ್ ಸರಿ ಇದೆಯಾ ನೋಡೋಣ ಅಂತ ಡಿಸ್ಟಾರ್ಶನ್ನಿಗೂ ಚುಚ್ಚಿದೆ. ಈ ಸಲ ಶಬ್ದ ಇಲ್ಲ, ಸುಟ್ಟ ವಾಸನೆ. ಅಡುಗೆಮನೆಯಿಂದ ಅಮ್ಮ "ಏನೋ ಸುಡ್ತಿದೀಯ" ಅಂತ ಕೂಗಿದರು.

ಕೌಲ್ ಬಜಾರಿನಲ್ಲಿ ಹಳೇ ಆಂಪ್ಲಿಫೈಯರ್ ರಿಪೇರಿ ಮಾಡೋ ಚಾಚಾ ಒಬ್ಬರಿದ್ದಾರೆ. ಎರಡನ್ನೂ ಬಿಚ್ಚಿ ತೋರಿಸಿದರು. ಡಿಲೇ ಒಳಗೆ ಕೆಪಾಸಿಟರ್ ಒಂದರ ತಲೆ ಉಬ್ಬಿ ಬಾಯಿ ಬಿಟ್ಟಿತ್ತು, ಪಕ್ಕದ ಚಿಪ್ಪೂ ಸತ್ತಿತ್ತು. ಡಿಸ್ಟಾರ್ಶನ್ನಿನಲ್ಲಿ ಕರೆಂಟ್ ಒಳಬರೋ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಡಯೋಡ್ ಸುಟ್ಟು ನಿಂತಿತ್ತು. ಉಲ್ಟಾ ಕರೆಂಟ್ ಬಂದರೆ ಅದನ್ನ ತನ್ನ ಮೈಮೇಲೆ ಎಳಕೊಂಡು ಉಳಿದದ್ದನ್ನ ಕಾಪಾಡೋದೇ ಅದರ ಕೆಲಸವಂತೆ. ಒಂದೆರಡು ರೂಪಾಯಿಯ ಡಯೋಡ್ ಬದಲಿಸಿದರು, ಆ ಪೆಡಲ್ ಬದುಕಿತು. ಡಿಲೇಯಲ್ಲಿ ಆ ಡಯೋಡೇ ಇರಲಿಲ್ಲ.

ತಪ್ಪು 12 ವೋಲ್ಟಿನದು ಅಷ್ಟೇ ಅಲ್ಲ. ರೂಟರ್, ಕ್ಯಾಮೆರಾ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಗಡೆ ಪ್ಲಸ್, ಹೊರಗಿನ ಉಂಗುರ ಮೈನಸ್. ಗಿಟಾರ್ ಪೆಡಲ್ಲುಗಳಲ್ಲಿ ಇದು ತಿರುಗಾಮುರುಗಾ. ಬಾಸ್ (Boss) ಅನ್ನೋ ಕಂಪನಿಯವರ ಪೆಡಲ್ಲಿಂದ ಹಿಡಿದು ಬಹಳಷ್ಟು ಕಂಪನಿಗಳದ್ದು 9 ವೋಲ್ಟ್ ಡಿಸಿ, ಒಳಗೆ ಮೈನಸ್. ಪಿನ್ನಿನ ದಪ್ಪ ಒಂದೇ ಆಗಿರೋದರಿಂದ ನೀಟಾಗಿ ಕೂತುಬಿಡುತ್ತೆ, ಅದೇ ಅಪಾಯ. ಪೆಡಲ್ಲಿನ ತೂತಿನ ಪಕ್ಕ ಸಣ್ಣ ಚಿತ್ರ ಇರುತ್ತೆ: ನಡುವೆ ಚುಕ್ಕಿ, ಅದರ ಸುತ್ತ ಅರ್ಧ ಉಂಗುರ, ಎರಡಕ್ಕೂ ಒಂದೊಂದು ಚಿಹ್ನೆ. ಅಡಾಪ್ಟರ್ ಮೇಲೂ ಅದೇ ಚಿತ್ರ ಇರುತ್ತೆ. ಎರಡೂ ತಾಳೆ ಆಗಬೇಕು. ಚಿತ್ರ ಅಳಿಸಿದ್ದರೆ ಮಲ್ಟಿಮೀಟರಿನ ಕೆಂಪು ಕಡ್ಡಿ ಪಿನ್ ಒಳಗೆ, ಕರಿ ಕಡ್ಡಿ ಹೊರಗೆ ಇಡಿ. ಅಂಕಿಯ ಮುಂದೆ ಮೈನಸ್ ಬಂದರೆ ಅದು ಒಳಗೆ ಮೈನಸ್ ಇರೋ ಅಡಾಪ್ಟರ್. ಆಂಪಿಯರ್ ಮಾತ್ರ ಪೆಡಲ್ ಕೇಳೋದಕ್ಕಿಂತ ಜಾಸ್ತಿ ಇದ್ದರೂ ತೊಂದರೆ ಇಲ್ಲ, ಕಡಿಮೆ ಇರಬಾರದು. ಹಳೇ ಮಾದರಿಯ ಕೆಲವು ಫಝ್ ಪೆಡಲ್ಲುಗಳಲ್ಲಿ (ಇವೂ ಸೌಂಡ್ ಗರಗರ ಮಾಡೋವೇ) ಲೆಕ್ಕವೇ ಬೇರೆ, ಅವನ್ನ ಬ್ಯಾಟರಿಯಲ್ಲೇ ಓಡಿಸೋದು ವಾಸಿ. ಬ್ಯಾಟರಿ ಹಾಕಿದ್ದರೆ ಬಾರಿಸಿ ಮುಗಿದ ಮೇಲೆ ಇನ್‌ಪುಟ್ ಕಡೆಯ ಕೇಬಲ್ ಕಿತ್ತಿಡಿ. ಅದು ಸಿಕ್ಕಿಸಿರೋವರೆಗೂ ಲೈಟ್ ಆರಿದ್ದರೂ ಬ್ಯಾಟರಿ ಖಾಲಿ ಆಗ್ತಾನೇ ಇರುತ್ತೆ.

ಇನ್ನು ಗಿಟಾರ್. ಆಂಪ್ಲಿಫೈಯರಿಗೆ ಹಾಕಿದರೆ ಗುಂಯ್ ಅಂತಿತ್ತು. ಒಂದೇ ಕಾಯಿಲ್ ಇರೋ ಪಿಕಪ್ಪಿಗೆ (ತಂತಿಯ ಸದ್ದು ಹಿಡಿಯೋ ಭಾಗ) ಸ್ವಲ್ಪ ಗುಂಯ್ ಇದ್ದೇ ಇರುತ್ತೆ, ಆದರೆ ಗಿಟಾರ್ ತಂತಿಗೆ ಕೈ ಇಟ್ಟರೆ ಇಳೀಬೇಕು. ಇದರಲ್ಲಿ ಇಳೀತಿರಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಬ್ರಿಡ್ಜಿಗೆ (ತಂತಿಗಳು ಕೂರೋ ಲೋಹದ ಭಾಗ) ಹೋಗೋ ಗ್ರೌಂಡ್ ವೈರನ್ನ ಕಟ್ ಮಾಡಿ ಟೇಪ್ ಸುತ್ತಿದ್ದರು. ಮಾರಿದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಹೌದಣ್ಣ, ಗಣೇಶನ ಸ್ಟೇಜ್ ಮ್ಯಾಲೆ ಮೈಕಿಗೆ ತುಟಿ ತಾಗಿದ್ರ ಶಾಕ್ ಹೊಡೀತಿತ್ತು. ಅದಕ್ಕ ಕಟ್ ಮಾಡಿಸೀನಿ." ಅಡಾಪ್ಟರ್ ವಿಷಯ ಅವನಿಗೂ ಗೊತ್ತಿರಲಿಲ್ಲ ಅಂತ ಬಿಟ್ಟುಬಿಡ್ತೀನಿ. ಇದನ್ನ ಮಾತ್ರ ಮಾರೋವಾಗಲೇ ಹೇಳಬೇಕಿತ್ತು.

ಶಾಕ್ ಹೊಡೆದದ್ದು ಗಿಟಾರಿನ ತಪ್ಪಲ್ಲ, ಪೆಂಡಾಲಿನ ಕರೆಂಟಿನದು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಮೈಗೆ ಸೇರಿರ್ತವೆ, ಮೈಕು ಮಿಕ್ಸರಿನ ಮೈಗೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಕರೆಂಟ್ ನಮ್ಮ ಕೈಯಿಂದ ತುಟಿಗೆ ದಾರಿ ಮಾಡ್ಕೊಳ್ಳುತ್ತೆ. ಜೀವ ಹೋಗೋ ವಿಷಯ ಇದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ಚುಚ್ಚೋ ಅಭ್ಯಾಸ ನಮ್ಮ ಕಡೆ ಎಷ್ಟಿದೆ ಅಂತ ನಿಮಗೂ ಗೊತ್ತು. ನಾನೀಗ ಸ್ಟೇಜ್ ಹತ್ತಿದ ತಕ್ಷಣ ಮಲ್ಟಿಮೀಟರನ್ನ ಎಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸ್ತೀನಿ. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ಬಾರಿಸಲ್ಲ. ಹುಡುಗರು ನಗ್ತಾರೆ, ನಗಲಿ.

ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ನಮ್ಮ ಮನೆದೂ ನೋಡಿಸಿದೆ. ಉಪ್ಪು, ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಬ್ಯಾಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ಈಗ ಬ್ಯಾಸಿಗೆ ಪೂರ್ತಿ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕ್ತೀವಿ. ಬ್ರಿಡ್ಜಿನ ವೈರನ್ನ ಚಾಚಾ ಮತ್ತೆ ಬೆಸುಗೆ ಹಾಕಿಕೊಟ್ಟರು, ಗುಂಯ್ ಇಳಿಯಿತು. ಗಿಟಾರ್ ಕುತ್ತಿಗೆಯ ಅಂಚಿನಲ್ಲಿ ಫ್ರೆಟ್ಟಿನ (ಕುತ್ತಿಗೆಗೆ ಅಡ್ಡ ಕೂರಿಸಿರೋ ಲೋಹದ ಪಟ್ಟಿ) ತುದಿಗಳು ಕೈಗೆ ಚುಚ್ತಿದ್ದವು. ಒಣ ಹವೆಗೆ ಕಟ್ಟಿಗೆ ಕುಗ್ಗಿದರೆ ಹಾಗಾಗುತ್ತೆ, ಸಣ್ಣ ಅರದಲ್ಲಿ ಉಜ್ಜಿಸಿದರೆ ಸಾಕು, ಅದಕ್ಕೆ ಹೆದರಬೇಡಿ.

ಡಿಲೇ ಪೆಡಲ್ಲಿನ ಡಬ್ಬಿ ಚಾಚಾ ಅಂಗಡಿಯಲ್ಲೇ ಇದೆ, ಸ್ವಿಚ್ಚು, ಜ್ಯಾಕು ಯಾರಿಗಾದರೂ ಬೇಕಾಗ್ತವೆ ಅಂತ ಇಟ್ಕೊಂಡಿದ್ದಾರೆ. ಆ ಅಡಾಪ್ಟರನ್ನ ನಮ್ಮ ಮಾವನ ಕಿರಾಣಿ ಅಂಗಡಿಯ ಕ್ಯಾಮೆರಾಕ್ಕೆ ಕೊಟ್ಟೆ. ಅಲ್ಲಿ ಚೆನ್ನಾಗಿ ನಡೀತಿದೆ.