‘ಹೌ ಐ ಮೆಟ್ ಯುವರ್ ಮದರ್’ ನೋಡ್ತಿದ್ದೀರಾ? ಕೊನೆಯ ಎರಡು ಎಪಿಸೋಡ್ ಬಿಟ್ಟುಬಿಡಿ

ಮೊದಲೇ ಹೇಳಿಬಿಡುತ್ತೇನೆ, ಕಥೆಯ ಕೊನೆ ಈ ಬರಹದಲ್ಲಿ ಬರುತ್ತದೆ. ಅದು ಈಗಲೇ ಗೊತ್ತಾಗುವುದು ಬೇಡ ಅನ್ನುವವರು ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ: ಒಂಬತ್ತನೇ ಸೀಸನ್ನಿನ 22ನೇ ಎಪಿಸೋಡ್ ಮುಗಿದ ತಕ್ಷಣ ಆಫ್ ಮಾಡಿ.

ನಾನು ಈ ಅಮೆರಿಕನ್ ಕಾಮಿಡಿ ಸೀರಿಯಲ್ಲನ್ನು ತುಂಬಾ ಹಚ್ಚಿಕೊಂಡವಳು. ಬೆಂಗಳೂರಿಗೆ ಬಂದ ಹೊಸತು, ಪಿಜಿಯಲ್ಲಿ ಯಾರೂ ಪರಿಚಯವಿರಲಿಲ್ಲ. ರಾತ್ರಿ ಊಟದ ತಟ್ಟೆ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ನ್ಯೂಯಾರ್ಕಿನ ಆ ಐದು ಜನ ಗೆಳೆಯರೇ ನನಗೆ ಜೊತೆ.

ಅವರಲ್ಲೊಬ್ಬ ಟೆಡ್. ಅವನು ತನ್ನ ಇಬ್ಬರು ಮಕ್ಕಳನ್ನು ಸೋಫಾ ಮೇಲೆ ಕೂರಿಸಿ, ನಿಮ್ಮಮ್ಮ ನನಗೆ ಹೇಗೆ ಸಿಕ್ಕಳು ಅಂತ ಹೇಳುತ್ತಾ ಹೋಗುತ್ತಾನೆ. ಅವಳ ಮುಖ ಕಾಣಿಸುವುದು ಎಂಟನೇ ಸೀಸನ್ನಿನ ಕೊನೆಗೆ. ಅಷ್ಟು ಕಾದಿದ್ದಕ್ಕೂ ಸಾರ್ಥಕ. ಅವಳ ಪಾತ್ರವನ್ನು ಕ್ರಿಸ್ಟಿನ್ ಮಿಲಿಯೋಟಿ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, 200ನೇ ಎಪಿಸೋಡಿನಲ್ಲಿ ಅವಳು ಯುಕುಲೇಲಿ ಅನ್ನುವ ಪುಟ್ಟ ಗಿಟಾರಿನಂಥ ವಾದ್ಯ ಹಿಡಿದು ಒಬ್ಬಳೇ ಹಾಡುವಾಗ, ಪಕ್ಕದ ಕೋಣೆಯಿಂದ ಟೆಡ್ ಕೇಳಿಸಿಕೊಳ್ಳುವಾಗ, ನನ್ನ ತಟ್ಟೆಯ ಅನ್ನ ಆರಿಹೋಗಿತ್ತು.

ಆಮೇಲೆ ಬಂದವು, 2014ರ ಮಾರ್ಚ್ 31ರಂದು ಒಟ್ಟಿಗೆ ಪ್ರಸಾರವಾದ ಕೊನೆಯ ಎರಡು ಎಪಿಸೋಡ್. ಆ ಗೆಳೆಯರಲ್ಲೇ ಇಬ್ಬರಾದ ಬಾರ್ನಿ, ರಾಬಿನ್ ಮದುವೆಗೆ ಹೆಚ್ಚುಕಡಿಮೆ ಇಡೀ ಸೀಸನ್ ಕೊಟ್ಟಿದ್ದರು. ಇಲ್ಲಿ ಕೆಲವೇ ನಿಮಿಷದಲ್ಲಿ ಅವರಿಗೆ ಡಿವೋರ್ಸ್! ಹೋಗಲಿ, ಅದನ್ನಾದರೂ ಸಹಿಸಬಹುದಿತ್ತು. ಮಳೆಯಲ್ಲಿ, ರೈಲು ನಿಲ್ದಾಣದಲ್ಲಿ, ಹಳದಿ ಕೊಡೆಯ ಕೆಳಗೆ ಟೆಡ್ ಮತ್ತು ಟ್ರೇಸಿ, ಅಂದರೆ ಆ ಮಕ್ಕಳ ಅಮ್ಮ, ಮೊದಲ ಸಲ ಮಾತಾಡುತ್ತಾರೆ. ಕೊಡೆ ಯಾರದು ಅಂತ ವಾದ. ಹಿಡಿಯ ಮೇಲೆ ‘ಟಿ. ಎಂ.’ ಅಂತ ಇದೆ, ಇಬ್ಬರ ಹೆಸರಿಗೂ ಅದೇ ಅಕ್ಷರ. ಎಷ್ಟು ಮುದ್ದಾದ ದೃಶ್ಯ ಗೊತ್ತಾ? ಅದರ ಬೆನ್ನಿಗೇ ಅವಳು ಕಾಯಿಲೆಯಿಂದ ತೀರಿಕೊಂಡಳು ಅನ್ನುತ್ತಾರೆ. ಅಳುವುದಕ್ಕೂ ಬಿಡುವುದಿಲ್ಲ. ಮಕ್ಕಳೇ ನಗುನಗುತ್ತಾ ‘ಹೋಗಿ ರಾಬಿನ್ ಆಂಟಿಯನ್ನು ಡೇಟಿಗೆ ಕರೆಯಿರಿ’ ಅಂತ ಅಪ್ಪನನ್ನು ಕಳಿಸುತ್ತಾರೆ.

ಆ ಮಕ್ಕಳ ದೃಶ್ಯವನ್ನು 2006ರಲ್ಲೇ ತೆಗೆದಿಟ್ಟಿದ್ದರಂತೆ, ನಟರು ದೊಡ್ಡವರಾಗಿಬಿಡುತ್ತಾರೆ ಅಂತ. ನನ್ನ ಪ್ರಕಾರ ಎಡವಿದ್ದೇ ಅಲ್ಲಿ. ಅಷ್ಟು ವರ್ಷದಲ್ಲಿ ಪಾತ್ರಗಳು ಬೆಳೆದವು, ಟೆಡ್ ತಾನು ಪ್ರೀತಿಸುತ್ತಿದ್ದ ರಾಬಿನ್‌ಳನ್ನು ಮನಸ್ಸಿನಿಂದ ಬಿಟ್ಟುಕೊಟ್ಟ. ಕೊನೆ ಮಾತ್ರ ಹಳೆಯದೇ ಉಳಿಯಿತು.

ಹೋದ ತಿಂಗಳು ತಂಗಿಗೆ ತೋರಿಸಿದೆ. ಕೊನೆಯದು ಬೇಡ ಕಣೇ ಅಂದೆ, ಕೇಳಲಿಲ್ಲ. ಮುಗಿದ ಮೇಲೆ ‘ಅಷ್ಟೇನಾ ಅಕ್ಕಾ?’ ಅಂದಳು. ದಿಂಬು ತಬ್ಬಿಕೊಂಡು ಸುಮ್ನೆ ಗೋಡೆ ನೋಡುತ್ತಾ ಕೂತಿದ್ದಳು. ನಾನು ಡಿವಿಡಿಯಲ್ಲಿ ಕೊಟ್ಟಿರುವ ಇನ್ನೊಂದು ಕೊನೆಯನ್ನು ಹಾಕಿದೆ. ಅದರಲ್ಲಿ ಟ್ರೇಸಿ ಸಾಯುವುದಿಲ್ಲ, ಕಥೆ ಆ ರೈಲು ನಿಲ್ದಾಣದಲ್ಲೇ ಮುಗಿಯುತ್ತದೆ. ನೋಡಲೇಬೇಕು ಅನಿಸಿದರೆ ಅದನ್ನು ನೋಡಿ.

ತಮ್ಮ ಈಗ ನಾಲ್ಕನೇ ಸೀಸನ್ನಿನಲ್ಲಿದ್ದಾನೆ. ಬಾರ್ನಿ, ರಾಬಿನ್ ಮದುವೆಯ ಆ 22ನೇ ಎಪಿಸೋಡ್ ಮುಗಿದ ಕೂಡಲೇ ನನಗೆ ಫೋನ್ ಮಾಡು ಅಂದಿದ್ದೇನೆ.