ನದಿ ದಂಡೆಯಲ್ಲಿ ಬೇಟೆ ಬಿದ್ದರೆ ಕೋವಿ ಜೀಪಿಗೆ ಹೋಗಬಾರದು

ಜಾಂಬಿಯಾದಲ್ಲಿರುವ ನಮ್ಮವರಲ್ಲಿ ಕೆಲವರು ಲೈಸೆನ್ಸ್ ಇರುವ ಬೇಟೆ ತಂಡದ ಜೊತೆ ಸುಮ್ನೆ ನೋಡಲು ಹೋಗುತ್ತಾರೆ. ನಾನೂ ಹಾಗೆಯೇ ಲುವಾಂಗ್ವಾ ಕಣಿವೆಗೆ ಹೋಗಿದ್ದೆ. ಅಲ್ಲಿ ಕಂಡದ್ದು ಇನ್ಯಾರಿಗೂ ಆಗಬಾರದು.

ಗುಂಡು ತಗುಲಿದ ಪುಕು ಜಿಂಕೆಯೊಂದು ಓಡಿ ನೀರಿನ ಅಂಚಿನಲ್ಲಿ ಬಿತ್ತು. ಹೊತ್ತು ಮುಳುಗುತ್ತಿತ್ತು. ಕೆಲಸ ಮುಗಿಯಿತು ಅಂತ ತಂಡದ ಮುಖ್ಯಸ್ಥ ರೈಫಲ್‌ನಿಂದ ತೋಟಾ ತೆಗೆದು ಜೀಪಿನಲ್ಲಿಟ್ಟ. ಹೆಜ್ಜೆ ಗುರುತು ಹಿಡಿಯುವ ಹುಡುಗ ಒಬ್ಬನೇ ಇಳಿದು ಜಿಂಕೆಯ ಕಾಲು ಹಿಡಿದು ಎಳೆಯತೊಡಗಿದ. ಮೊಣಕಾಲು ಮುಳುಗದಷ್ಟು ಕದಡಿದ ನೀರು. ಅಷ್ಟರಲ್ಲೇ ಅಡಗಿದ್ದ ಮೊಸಳೆ ಅವನ ಮುಂಗೈ ಕಚ್ಚಿ ಹಿಡಿಯಿತು.

ಜೀಪಿಗೆ ಓಡಿ, ರೈಫಲ್ ಚೀಲ ಬಿಚ್ಚಿ, ತೋಟಾ ತುಂಬಿಸಿ ತರುವಷ್ಟರಲ್ಲಿ ಹುಡುಗ ಸೊಂಟದ ತನಕ ನೀರಿನಲ್ಲಿದ್ದ. ಆಗ ಗುಂಡು ಹಾರಿಸಿದ್ದರೆ ಅವನಿಗೇ ತಗುಲುತ್ತಿತ್ತು. ಕೊನೆಗೆ ಅವನ ಜೊತೆಗಾರ ನೀರಿಗಿಳಿದು ದೊಣ್ಣೆಯಿಂದ ಮೊಸಳೆಯ ಕಣ್ಣಿಗೆ ತಿವಿದ. ಅದು ಹಿಡಿತ ಬಿಟ್ಟಿತು. ಹುಡುಗ ಉಳಿದ, ಆದರೆ ಆ ಕೈ ಮೊದಲಿನಂತಾಗಲಿಲ್ಲ. ಒಂದು ಜಿಂಕೆಗಾಗಿ ಇಷ್ಟೆಲ್ಲ ಬೇಕಿತ್ತಾ? ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನೈಲ್ ಮೊಸಳೆ 4-5 ಮೀಟರ್ ಉದ್ದ ಬೆಳೆಯುತ್ತದೆ. ನೀರು ಸ್ವಲ್ಪ ಅಲುಗಿದರೂ ಅದರ ದವಡೆಯ ಚರ್ಮಕ್ಕೆ ಗೊತ್ತಾಗುತ್ತದೆ. ಉಸಿರು ಹಿಡಿದು ಅರ್ಧ ಗಂಟೆಗಿಂತ ಜಾಸ್ತಿ ಮುಳುಗಿರಬಲ್ಲದು. ಹಾಗಾಗಿ "ಇಲ್ಲಿ ಮೊಸಳೆ ಕಾಣಿಸ್ತಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೋವಿಯ ಮೇಲೂ ಪೂರ್ತಿ ಭರವಸೆ ಬೇಡ. ನೀರೊಳಗೆ ಗುಂಡಿನ ವೇಗ ಬಹಳ ಬೇಗ ಕುಗ್ಗುತ್ತದೆ. ಓರೆಯಾಗಿ ಬಡಿದರೆ ನೀರಿನ ಮೇಲಿಂದ ಪುಟಿದು ಯಾರ ಕಡೆಗೋ ಹಾರುತ್ತದೆ. ಮೊಸಳೆಯ ಮಿದುಳೋ, ಕಣ್ಣುಗಳ ಹಿಂದೆ ಇರುವ ಪುಟ್ಟ ಗುರಿ. ಮೊಸಳೆ ಮನುಷ್ಯನನ್ನು ಹಿಡಿಯುವ ಮೊದಲೇ ಕೋವಿ ಸಿದ್ಧವಿರಬೇಕು. ಪಳಗಿದವನೊಬ್ಬ ದಂಡೆಯ ಮೇಲೆ, ನೀರಿನಿಂದ ದೂರ ನಿಂತಿರಬೇಕು. ತೋಟಾ ತುಂಬಿರಬೇಕು, ಗುಂಡು ಆಕಸ್ಮಿಕವಾಗಿ ಹಾರದಂತೆ ತಡೆಯುವ ಸೇಫ್ಟಿ ಹಾಕಿರಬೇಕು, ನಳಿಗೆ ಜೊತೆಗಾರರ ಕಡೆ ತಿರುಗಿರಬಾರದು. ಎಳೆಯುವ ಕೆಲಸಕ್ಕೆ ಅವನು ಕೈ ಹಾಕಬಾರದು, ಅವನ ಕಣ್ಣು ನೀರಿನ ಮೇಲೇ ಇರಬೇಕು. ಜಿಂಕೆಗೆ ದೂರದಿಂದಲೇ ಕೊಕ್ಕೆಯ ಹಗ್ಗ ಎಸೆದು ಜೀಪಿನಿಂದ ಎಳೆಯಬಹುದು. ಆಗದಿದ್ದರೆ ಬಿಟ್ಟುಬಿಡಲಿ.

ಬೇಟೆ ತಂಡಕ್ಕೆ ದುಡ್ಡು ಕಟ್ಟುವ ಮೊದಲು ಇವನ್ನೆಲ್ಲ ಕೇಳಿ. ಆಸ್ಪತ್ರೆ ಎಷ್ಟು ದೂರ ಅಂತಲೂ ಕೇಳಿ. ಮೊಸಳೆ ಕಚ್ಚಿದ ಗಾಯ ಬೇಗ ಕೀವಾಗುತ್ತದೆ. ರಕ್ತ ನಿಲ್ಲಿಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಗಾಯ ಸಣ್ಣದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.