ಅಮ್ಮನ ಜೊತೆ ಎರಡು ಸೋಮವಾರ: ಬಿಬಿಸಿ ಟೂನಾ, ಚಾನೆಲ್ ಫೋರಾ?

ಅಮ್ಮ ಶಿವಮೊಗ್ಗದಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ವಾರ ಆಗಿತ್ತು. ನಾನು ಆಫೀಸಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಚಳಿಗಾಲ, ನಾಲ್ಕು ಗಂಟೆಗೇ ಕತ್ತಲು. ಟಿವಿ ಹಾಕಿಕೊಟ್ಟು ಹೋಗೋಣ ಅಂದರೆ ಯಾವ ಚಾನೆಲ್ ಹಾಕೋದು? ಅದಕ್ಕೇ ಎರಡು ಸೋಮವಾರ ರಜೆ ಹಾಕಿದೆ. ಒಂದು ಸೋಮವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಬಿಬಿಸಿ ಟೂ, ಮುಂದಿನ ಸೋಮವಾರ ಚಾನೆಲ್ ಫೋರ್, ಇಬ್ಬರೂ ಕೂತು ನೋಡಿದೆವು.

ಮೊದಲು ದುಡ್ಡಿನ ಮಾತು. ಬಿಬಿಸಿ ನಡೆಯೋದು ಮುಖ್ಯವಾಗಿ ಟಿವಿ ನೋಡಲು ಇಲ್ಲಿನ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದ, 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ಜಾಹೀರಾತು ಇಲ್ಲ. ಚಾನೆಲ್ ಫೋರ್ ಕೂಡ ಸಾರ್ವಜನಿಕರದ್ದೇ, ಆದರೆ ಅದರ ಹೊಟ್ಟೆಪಾಡು ಜಾಹೀರಾತಿನಿಂದ. ಹಾಗಂತ ಅದನ್ನು ಮಾತ್ರ ನೋಡ್ತೀವಿ, ಲೈಸೆನ್ಸ್ ಬೇಡ ಅಂದುಕೊಳ್ಳಬೇಡಿ. ಯಾವ ಚಾನೆಲ್ಲನ್ನೇ ಆಗಲಿ, ಪ್ರಸಾರವಾಗುವಾಗಲೇ ನೋಡಿದರೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ಇಲ್ಲಿ ಉಳಿತಾಯದ ಪ್ರಶ್ನೆ ಇಲ್ಲ.

ಬೆಳಿಗ್ಗೆ ಎರಡೂ ಸಪ್ಪೆ. ಬಿಬಿಸಿ ಟೂನಲ್ಲಿ ಸುದ್ದಿ, ಹಳೆಯ ಕಾರ್ಯಕ್ರಮಗಳ ಮರುಪ್ರಸಾರ, ಮಧ್ಯಾಹ್ನ 12.15ಕ್ಕೆ ಪಾರ್ಲಿಮೆಂಟ್ ರಾಜಕೀಯದ 'ಪಾಲಿಟಿಕ್ಸ್ ಲೈವ್'. ನನಗೆ ಇಷ್ಟವಾಯಿತು, ಅಮ್ಮ ಅಕ್ಕಿ ಆರಿಸಲು ಎದ್ದು ಹೋದಳು. ಚಾನೆಲ್ ಫೋರ್‌ನಲ್ಲಿ 'ಫ್ರೇಸರ್' ತರಹದ ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಗಳು. ಆ ವೇಗದ ಇಂಗ್ಲಿಷ್ ಅಮ್ಮನಿಗೆ ಹಿಡಿಯಲಿಲ್ಲ.

ಮಧ್ಯಾಹ್ನದ ಕಥೆಯೇ ಬೇರೆ. ಅದಕ್ಕೂ ಮೊದಲು ಎರಡೂ ಚಾನೆಲ್ ಹೇಗೆ ಶುರುವಾದವು ಅಂತ ಒಂದು ಮಾತು. ಬಿಬಿಸಿ ಟೂ 1964ರಲ್ಲಿ ಶುರುವಾಗಬೇಕಿದ್ದ ರಾತ್ರಿ ಲಂಡನ್‌ನಲ್ಲಿ ಕರೆಂಟ್ ಹೋಗಿ, ಮರುದಿನ ಬೆಳಿಗ್ಗೆ ಮಕ್ಕಳ 'ಪ್ಲೇ ಸ್ಕೂಲ್'ನಿಂದ ಆರಂಭವಾಯಿತು. ಈಗ ಮಕ್ಕಳ ಕಾರ್ಯಕ್ರಮಗಳೆಲ್ಲ ಬೇರೆ ಚಾನೆಲ್‌ಗೆ ಹೋಗಿವೆ. ಚಾನೆಲ್ ಫೋರ್ 1982ರ ನವೆಂಬರ್ 2ರಂದು ಮೊಟ್ಟಮೊದಲು ತೋರಿಸಿದ್ದು 'ಕೌಂಟ್‌ಡೌನ್'. ಅದು ಇವತ್ತಿಗೂ ಬರುತ್ತಿದೆ! ನಮ್ಮ ಮನೆಯಲ್ಲಿ ಗೆದ್ದದ್ದೂ ಅದೇ.

ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವಳು. ಕೌಂಟ್‌ಡೌನ್‌ನಲ್ಲಿ ಒಂಬತ್ತು ಅಕ್ಷರ ಕೊಟ್ಟು ಉದ್ದದ ಪದ ಮಾಡಿಸುತ್ತಾರೆ, ಅದು ಒಂದು ಭಾಗ. ಇನ್ನೊಂದು ಅಂಕಿಗಳದ್ದು: ಆರು ಸಂಖ್ಯೆ, ಮೂರಂಕಿಯ ಒಂದು ಗುರಿ, ಮೂವತ್ತು ಸೆಕೆಂಡ್. ಕೂಡಿಸು, ಕಳೆ, ಗುಣಿಸು, ಭಾಗಿಸು, ಹೇಗಾದರೂ ಗುರಿ ಮುಟ್ಟಬೇಕು. ಉದಾಹರಣೆಗೆ 75, 9, 6, 4, 3, 2 ಕೊಟ್ಟು 463 ಮಾಡು ಅಂದರೆ, ಎಪ್ಪತ್ತೈದಾರಲೆ ನಾನೂರೈವತ್ತು, ಒಂಬತ್ತು ನಾಲ್ಕು ಹದಿಮೂರು, ಮುಗೀತು. ಇಂಥದ್ದನ್ನು ಅವಳು ಗಡಿಯಾರ ಅರ್ಧ ಸುತ್ತುವ ಮೊದಲೇ ಕನ್ನಡದಲ್ಲೇ ಹೇಳಿ ಮುಗಿಸುತ್ತಿದ್ದಳು. ಭಾಷೆ ಅಡ್ಡ ಬರಲೇ ಇಲ್ಲ. ಮೂರು ವಾರದಲ್ಲಿ ಅವಳ ಮುಖದಲ್ಲಿ ಅಷ್ಟು ಹುರುಪು ನಾನು ನೋಡಿರಲಿಲ್ಲ. ಆಮೇಲೆ 'ಎ ಪ್ಲೇಸ್ ಇನ್ ದ ಸನ್' ಬಂತು, ಬ್ರಿಟಿಷರು ಸ್ಪೇನ್‌ನಂಥ ಬಿಸಿಲ ನಾಡಿನಲ್ಲಿ ಮನೆ ಹುಡುಕುವ ಕಾರ್ಯಕ್ರಮ. "ಅಡುಗೆಮನೆಗೆ ಬಾಗಿಲೇ ಇಲ್ವಲ್ಲೇ, ಒಗ್ಗರಣೆ ಹೊಗೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳುತ್ತಾ ಪೂರ್ತಿ ನೋಡಿದಳು. ಬಿಬಿಸಿ ಟೂನ ಮಧ್ಯಾಹ್ನ ಹಳೆಯ ಸಾಮಾನು ಹರಾಜಿನ ಮರುಪ್ರಸಾರದಲ್ಲೇ ಕಳೆಯಿತು. ಕೆಟ್ಟದಲ್ಲ, ನಿದ್ದೆ ಬರುತ್ತೆ ಅಷ್ಟೆ.

ಸಂಜೆ ಏಳಕ್ಕೆ ಚಾನೆಲ್ ಫೋರ್ ನ್ಯೂಸ್ ಹೆಚ್ಚುಕಡಿಮೆ ಒಂದು ಗಂಟೆ. ಒಂದೊಂದು ಸುದ್ದಿಗೂ ಸಮಯ ಕೊಡುತ್ತಾರೆ, ಹೊರದೇಶದ ವರದಿಯೂ ಇರುತ್ತದೆ. ಬಿಬಿಸಿ ಟೂನ 'ನ್ಯೂಸ್‌ನೈಟ್' ನನಗೆ ಇಷ್ಟವೇ, ಆದರೆ ರಾತ್ರಿ ಹತ್ತೂವರೆಗೆ ಬರುತ್ತೆ, ಈಗ ಅರ್ಧ ಗಂಟೆ ಮಾತ್ರ.

ಆದರೆ ಸೋಮವಾರ ರಾತ್ರಿ ಬಿಬಿಸಿ ಟೂ ಮುಂದೆ ಚಾನೆಲ್ ಫೋರ್ ನಿಲ್ಲೋದಿಲ್ಲ. ಏಳೂವರೆಯಿಂದ ಸಾಲಾಗಿ ಮೂರು ಕ್ವಿಜ್: 'ಮಾಸ್ಟರ್‌ಮೈಂಡ್', 'ಓನ್ಲಿ ಕನೆಕ್ಟ್', 'ಯೂನಿವರ್ಸಿಟಿ ಚಾಲೆಂಜ್'. ನಡುವೆ ಸೋಪು, ಕಾರು, ಇನ್ಶೂರೆನ್ಸ್ ಯಾವುದೂ ನುಗ್ಗುವುದಿಲ್ಲ. ಇಡೀ ದಿನ ಜಾಹೀರಾತು ನೋಡಿದ ಮೇಲೆ ಅದರ ಬೆಲೆ ಗೊತ್ತಾಗೋದು. ಓನ್ಲಿ ಕನೆಕ್ಟ್ ನಮಗೆ ಕಷ್ಟ, ಸುಳಿವುಗಳ ನಡುವಿನ ನಂಟು ಹಿಡಿಯಲು ಎಷ್ಟೋ ಸಲ ಬ್ರಿಟನ್ನಿನಲ್ಲೇ ಬೆಳೆದಿರಬೇಕು. ವಿದ್ಯಾರ್ಥಿಗಳ ತಂಡಗಳು ಆಡುವ ಯೂನಿವರ್ಸಿಟಿ ಚಾಲೆಂಜ್ ಹಾಗಲ್ಲ. 2023ರಿಂದ ಅದನ್ನು ನಡೆಸುತ್ತಿರುವ ಅಮೋಲ್ ರಾಜನ್ ಹುಟ್ಟಿದ್ದು ಕೋಲ್ಕತ್ತಾದಲ್ಲಿ ಅಂದಾಗ ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಸಬ್‌ಟೈಟಲ್ ಹಾಕಿದೆವು. ಗಣಿತದ ಒಂದು ಪ್ರಶ್ನೆಗೆ ಆ ಹುಡುಗರಿಗಿಂತ ಮೊದಲು ಉತ್ತರ ಹೇಳಿದಳು.

ಈಗ ನಮ್ಮ ಮನೆಯ ಏರ್ಪಾಡು ಇಷ್ಟು: ಮಧ್ಯಾಹ್ನ ಎರಡರಿಂದ ಚಾನೆಲ್ ಫೋರ್, ಏಳರ ಸುದ್ದಿಯೂ ಅಲ್ಲೇ, ಸೋಮವಾರ ಮಾತ್ರ ಏಳೂವರೆಗೇ ಬಿಬಿಸಿ ಟೂ. ಬೆಳಿಗ್ಗೆ ಟಿವಿ ಆಫ್. ರಿಮೋಟಿನ ಮೇಲೆ ಪಟ್ಟಿ ಅಂಟಿಸಿ 2, 4 ಗುಂಡಿಗಳನ್ನು ತೋರಿಸಿಕೊಟ್ಟಿದ್ದೇನೆ. ನಿನ್ನೆ ಆಫೀಸಿಗೆ ಫೋನ್ ಮಾಡಿದ್ದಳು, "ಇವತ್ತು ಅಲ್ಲಿ ಯಾರಿಗೂ ಲೆಕ್ಕ ಬರಲಿಲ್ಲ ಕಣೇ, ನನಗೆ ಬಂತು" ಅಂತ ಹೇಳೋದಕ್ಕೆ.